ಕೆಲಸ ಕೇಳಲು ಉಟ್ಟ ಸೀರೆ

"ಕಾಲು ಒಡೆದು ರಸಿಗೆ ಸೋರೋ ಹೆಂಗಸನ್ನ ಇಟ್ಕಂಡು ನಾನೇನ್ ಧರ್ಮಛತ್ರ ನಡೆಸ್ತಿದೀನಾ? ಒಂದನೇ ತಾರೀಕಿಂದ ನೀನ್ ಮನೇಲಿ ಬಿದ್ಕ, ಮುಂಡೇದೆ. ನಿನ್ ಮಗಳನ್ನ ಕಳ್ಸು. ಎಳೇ ಕೈ, ಕಕ್ಕಸು ಕನ್ನಡಿ ಥರ ಆಯ್ತದೆ."

ಗುತ್ತಿಗೆಯ ಮೇಸ್ತ್ರಿ ರಾಸಪ್ಪನ್ ಜವಳಿ ಅಂಗಡಿಯ ಮೆಟ್ಟಿಲ ಮೇಲೆ ನಿಂತು ಅಂದ ಈ ಮಾತನ್ನು ಮಾರಾತ್ತಾ ಮನೆಗೆ ಬಂದು, ಅವನ ಹಾಗೆಯೇ ಬೆಲ್ಟು ಮೇಲೆಳೆದುಕೊಳ್ಳುತ್ತ, ಅವನದೇ ಗಂಟಲಲ್ಲಿ ಆಡಿ ತೋರಿಸಿದಳು. ಬೀದಿಯ ಹೆಂಗಸರು ಬಿದ್ದು ಬಿದ್ದು ನಕ್ಕರು. ಮಗಳು ಅಂಜುಗಂ ನಗಲಿಲ್ಲ. ಆಮೇಲೆ ಅವ್ವ ಕೂತಾಗ ಅವಳ ಪಾದವನ್ನು ತೊಡೆಯ ಮೇಲಿಟ್ಟುಕೊಂಡು ಬಿರುಕುಗಳಿಗೆ ಬೇವಿನೆಣ್ಣೆ ಸವರಿದಳು. ಹನ್ನೊಂದು ವರ್ಷ ಆಸಿಡ್ ನೀರಲ್ಲಿ ನಿಂತ ಪಾದ. ಆರು ಅಂತಸ್ತಿನ ಆ ಅಂಗಡಿಯಲ್ಲಿ ಅಂತಸ್ತಿಗೆರಡು ಕಕ್ಕಸು. ಒಂದನೇ ತಾರೀಖಿಗೆ ಇನ್ನು ಒಂಬತ್ತು ದಿನವಿತ್ತು.

ಅಂಗಡಿಯ ಮುಂದೆ ಬೋರ್ಡು ನೇತುಹಾಕಿದ್ದರು. ಓದು ಬಾರದ ಮಾರಾತ್ತಾ ಮಾರಾಟದ ಹುಡುಗಿಯೊಬ್ಬಳ ಹತ್ತಿರ ಅದನ್ನು ಓದಿಸಿಕೊಂಡು ಬಂದಿದ್ದಳು. ಸೀರೆ ವಿಭಾಗಕ್ಕೆ ಹೆಣ್ಣುಮಕ್ಕಳು ಬೇಕು, ಹನ್ನೆರಡನೇ ಕ್ಲಾಸು ಓದಿರಬೇಕು, ಖುದ್ದಾಗಿ ಬರಬೇಕು. ಆ ಹುಡುಗಿ ಇನ್ನೊಂದು ಮಾತನ್ನೂ ಸೇರಿಸಿದ್ದಳು: ಖುದ್ದಾಗಿ ಅಂದರೆ ಮೊದಲು ನೋಡುವುದು ಉಡುಪು, ಓದು ಆಮೇಲೆ.

ಅಂಜುಗಂ ಹನ್ನೆರಡನೆಯದನ್ನು ಮೊದಲ ದರ್ಜೆಯಲ್ಲಿ ಪಾಸಾಗಿದ್ದಳು. ಉಡುಪು ಇರಲಿಲ್ಲ.

ಅದೊಂದು ದೊಡ್ಡ ಪಂಚಾಯಿತಿಯೇ ಆಯಿತು. ಚೂಡಿದಾರ ಬೇಡವೇ ಬೇಡ, ಸೀರೆ ಮಾರುವವಳು ಸೀರೆಯಲ್ಲೇ ಹೋಗಬೇಕು ಅಂತ ಪಕ್ಕದ ಮನೆಯ ಪೊನ್ನಾತ್ತಾ ತೀರ್ಪು ಕೊಟ್ಟಳು. ಅವಳೇ ತನ್ನ ಮದುವೆಯ ರೇಷ್ಮೆ ಸೀರೆ ತಂದು ಅಂಜುಗಂಗೆ ಸುತ್ತಿ ನೋಡಿದಳು. ಎಲ್ಲರೂ ಒಂದೇ ಮಾತಲ್ಲಿ ಬೇಡ ಅಂದರು, ಕೆಲಸ ಕೇಳುವುದಕ್ಕೋ ಗಂಡು ಕೇಳುವುದಕ್ಕೋ ಗೊತ್ತಾಗುವುದಿಲ್ಲ ಅಂತ. ಮನೆಯ ಎರಡು ಹತ್ತಿ ಸೀರೆಗಳು ಒಗೆದು ಒಗೆದು ಒಂದೇ ಬಣ್ಣಕ್ಕೆ ಬಂದಿದ್ದವು. ಮಲ್ಲಿಗೆ ಒಂದು ಗೇಣು ಸಾಕು, ಪೌಡರು ಕುತ್ತಿಗೆಗೂ ಬೀಳಬೇಕು, ಚಪ್ಪಲಿ ಹೇಗೂ ಹೊರಗೇ ಬಿಡುವುದು, ಇಷ್ಟು ತೀರ್ಮಾನವಾಯಿತು. ಸೀರೆ ಮಾತ್ರ ತೀರ್ಮಾನವಾಗಲಿಲ್ಲ.

ಆಗ ಮಾರಾತ್ತಾ ಟ್ರಂಕಿನ ತಳಕ್ಕೆ ಕೈ ಹಾಕಿದಳು. ಪ್ಲಾಸ್ಟಿಕ್ ಕವರು ಕೂಡ ಬಿಚ್ಚದ ಸೀರೆ. ಕನಕಾಂಬರದ ಬಣ್ಣ, ಗಿಳಿಹಸಿರು ಅಂಚು, ಕವರಿನ ಮೇಲೆ ಅಂಗಡಿಯ ಹೆಸರು. ಹಿಂದಿನ ವರ್ಷದ ದೀಪಾವಳಿಗೆ ಯಜಮಾನರು ಕಸಗುಡಿಸುವ ಹೆಂಗಸರನ್ನೆಲ್ಲ ಹಿಂದಿನ ಗೇಟಿನ ಹತ್ತಿರ ಸಾಲಾಗಿ ನಿಲ್ಲಿಸಿ, ಚಾಚಿದ ಕೈಗಳ ಮೇಲೆ ಒಂದು ಮೊಳ ಎತ್ತರದಿಂದ ಬಿಟ್ಟ ಸೀರೆ. ಆ ದೀಪಾವಳಿಗೆ ಇಡೀ ಬೀದಿ ಒಂದೇ ಬಣ್ಣ ಉಟ್ಟಿತ್ತು. ಮಾರಾತ್ತಾ ಮಾತ್ರ ಮಗಳಿಗೆಂದು ಎತ್ತಿಟ್ಟಿದ್ದಳು.

"ಅಲ್ಲ ಕಣವ್ವ, ಎಲ್ಲರ ಹತ್ರಾನೂ ಇರೋ ಸೀರೇನ..." ಅಂಜುಗಂ ರಾಗ ಎಳೆದಳು.

"ಅಲ್ಲಿ ಮಾರೋ ಹುಡ್ಗೀರೂ ಎಲ್ಲಾ ಒಂದೇ ಬಣ್ಣ ತಾನೇ ಉಡೋದು ಮಗಾ? ಯಜಮಾನ್ರು ಕೈಯಾರೆ ಕೊಟ್ಟ ಸೀರೆ. ಅವರಂಗಡಿ ಬಟ್ಟೆ ಉಟ್ಟು ಅವರ ಬಾಗಿಲಿಗೆ ಹೋದ್ರೆ, ನಮ್ ಮಗು ಅನ್ನಲ್ವಾ?"

ಮಾತು ಸರಿ ಅನ್ನಿಸಿತು. ಪೊನ್ನಾತ್ತಾಗೂ ಸರಿ ಅನ್ನಿಸಿತು. ಕೊಟ್ಟವನ ಮನಸ್ಸಿನ ಮೇಲೆ ಬಡವರಿಗೆ ಇರುವಷ್ಟು ನಂಬಿಕೆ ಕೊಟ್ಟವನಿಗೂ ತನ್ನ ಮೇಲೆ ಇರುವುದಿಲ್ಲ.

ಅಂದಿನಿಂದ ಮನೆಯಲ್ಲಿ ವ್ಯಾಪಾರ ಶುರುವಾಯಿತು. ನೆಲ ಒರೆಸುತ್ತ ಒರೆಸುತ್ತ ಮಾರಾತ್ತಾ ಹನ್ನೊಂದು ವರ್ಷದಲ್ಲಿ ಮಾರಾಟದವರ ಕೈಚಳಕವನ್ನೆಲ್ಲ ನೋಡಿ ಕಲಿತಿದ್ದಳು. ಒಂದೇ ಒಂದು ಸೀರೆ ಮಡಚುವ ಅವಕಾಶ ಅವಳಿಗೆ ಅಲ್ಲಿ ಸಿಕ್ಕಿರಲಿಲ್ಲ. ಒಂದೇ ಬೀಸಿಗೆ ಸೀರೆ ಹರಡಬೇಕು, ಸೆರಗು ಗಿರಾಕಿಯ ಹೆಗಲ ಮೇಲೆ ಹಾಕಿ ಕನ್ನಡಿಯ ಕಡೆ ತಿರುಗಿಸಬೇಕು, ಬೇಡ ಅಂದರೆ ಮುಖ ಸೊಟ್ಟಗೆ ಮಾಡದೆ ಹಳೇ ಗೆರೆಯ ಮೇಲೇ ಮಡಚಬೇಕು. ಪೊನ್ನಾತ್ತಾ ಗಿರಾಕಿಯಾಗಿ ಬಂದು ಗತ್ತಿನಿಂದ ಕೂರುತ್ತಿದ್ದಳು. ಅಂಜುಗಂ, "ಬನ್ನಿ ಅಕ್ಕ, ಕೈಲಿ ಹಿಡಿದು ನೋಡಿ, ಬಣ್ಣ ಹೋಗಲ್ಲ, ಅದಕ್ಕೆ ನಾನ್ ಗ್ಯಾರಂಟಿ" ಅಂತ ಹಾಡಿನ ಹಾಗೆ ಹೇಳುತ್ತಿದ್ದಳು. ಮೂರನೇ ದಿನಕ್ಕೆ ಅವಳ ಮಡಿಕೆಯಲ್ಲಿ ಒಂದು ಕೂದಲೆಳೆಯ ವ್ಯತ್ಯಾಸ ಬರುತ್ತಿರಲಿಲ್ಲ.

ಹೊರಟ ದಿನ ಬೆಳಿಗ್ಗೆ, ಸೀರೆಗೆ ಚೆಲ್ಲೀತು ಅಂತ ಅವಳು ಅಂಬಲಿಯನ್ನೂ ಕುಡಿಯಲಿಲ್ಲ. ಏಳು ಪಿನ್ನು ಬೇಕಾದವು. ಎರಡು ಪೊನ್ನಾತ್ತಾಳವು. ಒಂದನ್ನು ಮಾರಾತ್ತಾ ತನ್ನ ತಾಳಿಯ ದಾರದಿಂದ ಬಿಚ್ಚಿಕೊಟ್ಟಳು. ತಾನು ಬೆಳಗಿನ ಪಾಳಿಗೆ ಮುಂಚೆಯೇ ಹೊರಡುತ್ತ, ಅಂಗಡಿಯಲ್ಲಿ ತನ್ನನ್ನು ಕಂಡರೆ ಮಾತಾಡಿಸಬೇಡ, ಗುರುತಿಲ್ಲದವಳ ಹಾಗೆ ಹೋಗು ಅಂತ ಹೇಳಿ ಹೋದಳು.

ಕೊಯಮತ್ತೂರಿನವರ ಮಾತು ಜೇನು ಅಂತ ನಾಡಿಗೆಲ್ಲ ಹೆಸರು. ಜಗಳಕ್ಕೆ ನಿಂತಾಗಲೂ ಬನ್ನಿ ಹೋಗಿ ಅನ್ನುವ ಜನ. ಆ ಮರ್ಯಾದೆ ಅಂಜುಗಂಳ ಬೀದಿಯ ತಿರುವಿನ ತನಕ ಬಂದು, ಅಲ್ಲೇ ನಿಂತುಬಿಡುತ್ತಿತ್ತು. ಅವಳ ಅವ್ವನಿಗೆ ಹುಟ್ಟಿದಾಗಿನಿಂದ ಊರಿನವರು ಯಾರೂ ಬನ್ನಿ ಅಂದಿರಲಿಲ್ಲ.

ಅಂಗಡಿಯ ಬಾಗಿಲು ಕಾಯುವ ಪೇಟದ ಮುದುಕ ಗಾಜಿನ ಬಾಗಿಲನ್ನು ಅರ್ಧ ತೆರೆದವನು ಅವಳ ಸೀರೆ ನೋಡಿ ಒಂದು ಗಳಿಗೆ ತಡೆದ. ಅಂಜುಗಂ ಅದನ್ನು ಮೆಚ್ಚುಗೆ ಅಂದುಕೊಂಡಳು. ಕೆಲಸ ಕೇಳಲು ಬಂದೆ ಅಂದಾಗ ಅವನು ಏನೋ ಹೇಳಬೇಕೆಂದು ಬಾಯಿ ತೆರೆದು, ಸುಮ್ಮನೆ ಒಳಗೆ ಬಿಟ್ಟ.

ಸೀರೆ ವಿಭಾಗದ ಮೂಲೆಯಲ್ಲಿ ಮ್ಯಾನೇಜರ್ ಮುತ್ತುರತ್ನಂ ಮೇಜಿನ ಮೇಲೆ ಬಗ್ಗಿ ಏನೋ ಬರೆಯುತ್ತಿದ್ದ. ಕೆಲಸಕ್ಕೆ ಬಂದ ಇನ್ನಿಬ್ಬರು ಹುಡುಗಿಯರು ಬೆಂಚಿನ ಮೇಲೆ ಕೂತಿದ್ದರು. ಅಂಜುಗಂ ಅಂಕಪಟ್ಟಿಯನ್ನು ಮೇಜಿನ ಮೇಲಿಟ್ಟು ನಮಸ್ಕಾರ ಅಂದಳು. ಅವನು ತಲೆ ಎತ್ತದೆ ಅಂಕಪಟ್ಟಿ ಎಳೆದುಕೊಂಡ.

"ಬನ್ನಿ ತಂಗಿ, ಕೂತ್ಕೊಳ್ಳಿ. ಅಬ್ಬಾ, ಚೆನ್ನಾಗಿ ಓದಿದ್ದೀರಲ್ಲ. ಇಷ್ಟು ಓದಿದವರು ನಮ್ಮಲ್ಲಿಗೆ ಬರೋದೇ ಅಪರೂಪ. ಸೀರೆ ಮಡಚೋಕೆ ಬರುತ್ತಾ ನಿಮಗೆ?"

ಬನ್ನಿ, ಕೂತ್ಕೊಳ್ಳಿ, ನಿಮಗೆ. ಅಂಜುಗಂಗೆ ಕೂರಲೂ ಆಗಲಿಲ್ಲ, ಕಣ್ಣಲ್ಲಿ ನೀರು ಬಂದುಬಿಟ್ಟಿತು. ಬರುತ್ತೆ ಸಾರ್ ಅಂದಳು. ತೋರಿಸಲಿ ಅಂತ ಅವನು ತಲೆ ಎತ್ತಿದ.

ಅವನ ಕಣ್ಣು ಅವಳ ಮುಖದಿಂದ ಸೆರಗಿಗೆ, ಸೆರಗಿನಿಂದ ಹಸಿರು ಅಂಚಿಗೆ ಇಳಿಯಿತು.

"ಈ ಸೀರೆ ಎಲ್ಲಿ ಸಿಕ್ತು ನಿಂಗೆ?"

ನಿಮಗೆ ಅನ್ನುವುದು ನಿಂಗೆ ಆದದ್ದು ಅವಳಿಗೆ ಕೇಳಿಸಿತು. ಆದರೂ ಅವ್ವ ಹೇಳಿದ್ದನ್ನು ನೆನೆದು ಹೆಮ್ಮೆಯಿಂದಲೇ ಹೇಳಿದಳು.

"ನಿಮ್ಮಂಗಡೀದೇ ಸಾರ್. ಯಜಮಾನ್ರು ದೀಪಾವಳಿಗೆ ಕೊಟ್ಟದ್ದು."

ಬೆಂಚಿನ ಮೇಲಿದ್ದ ಹುಡುಗಿಯೊಬ್ಬಳು ಸ್ವಲ್ಪ ಸರಿದು ಕೂತಳು. ಮುತ್ತುರತ್ನಂ ಅಂಕಪಟ್ಟಿಯಿಂದ ಕೈ ತೆಗೆದ. ರಾಸಪ್ಪನ್‌ಗೆ ಕೂಗು ಹಾಕಿದ. ಅವನ ಕಡೆಯದೊಂದು ಹೆಣ್ಣು ಮುಂದಿನ ಬಾಗಿಲಿಂದ ಒಳಗೆ ಬಂದು ನಿಂತಿದೆ, ಗುರುತಾಗಲಿ ಅಂತ ತಾನೇ ಆ ಬಣ್ಣ ಬೇರೆ ಮಾಡಿ ಕೊಡಿಸಿದ್ದು, ಬಾಗಿಲಲ್ಲಿರುವ ಮುದುಕನಿಗೆ ಕಣ್ಣು ಹೋಗಿದೆಯಾ ಅಂತ ಬೈದ.

ಅಂಜುಗಂಗೆ ಒಂದು ಕ್ಷಣ ಏನೂ ಹೊಳೆಯಲಿಲ್ಲ. ಆಮೇಲೆ, ಇಡೀ ಬೀದಿ ಒಂದೇ ಬಣ್ಣ ಉಟ್ಟು ಪಟಾಕಿ ಹಚ್ಚಿದ ಆ ದೀಪಾವಳಿ ನೆನಪಾಯಿತು.

"ಬೇರೆ ಸೀರೆ ಉಟ್ಕೊಂಡು ಬರ್ತೀನಿ ಸಾರ್. ಒಂದು ಗಂಟೇಲಿ ಬರ್ತೀನಿ."

"ಏನ್ ಉಟ್ರೂ ಅಷ್ಟೇ. ಗಿರಾಕಿ ಹೆಗಲ ಮೇಲೆ ಸೆರಗು ಹಾಕಿ ತೋರಿಸೋ ಕೆಲಸ ಇದು. ನಿನ್ ಕೈ ಹೆಗಲಿಗೆ ತಾಗಿದ್ರೆ ನಾಳೆಯಿಂದ ಯಾರು ಬರ್ತಾರೆ ನಮ್ಮಂಗಡಿಗೆ?" ಇದನ್ನು ಅವನು ಮೆತ್ತಗೆ, ಬುದ್ಧಿ ಹೇಳುವವನ ಹಾಗೆ ಅಂದ.

ರಾಸಪ್ಪನ್ ಬಕೆಟ್ಟು ಹಿಡಿದೇ ಬಂದ. ಅವನಿಗೆ ಸಂತೋಷವಾಗಿತ್ತು. "ಒಂದನೇ ತಾರೀಕಿಗೆ ಇನ್ನೂ ಆರು ದಿನ ಅದೆ, ಇವತ್ತೇ ಬಂದ್ಬುಟ್ಯಾ? ಬಂದೋಳು ಬಂದೆ, ಮೂರನೇ ಮಹಡಿಗೆ ಹೋಗು. ನಿಮ್ಮವ್ವ ಅಲ್ಲೇ ಕುಂಟ್ತಾ ಅವ್ಳೆ."

ಮಾರಾತ್ತಾ ಆಗಲೇ ಮೆಟ್ಟಿಲಿಳಿದು ಬಂದಿದ್ದಳು. ಗುರುತಿಲ್ಲದವಳ ಹಾಗೆ ಹೋಗು ಅಂದಿದ್ದವಳು ಓಡಿಬಂದು ಮ್ಯಾನೇಜರನ ಮೇಜಿನ ಮುಂದೆ ಕೈ ಮುಗಿದಳು. ಪಾದಗಳಿಗೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡಿದ್ದಳು, ಹೆಜ್ಜೆ ಹೆಜ್ಜೆಗೂ ಸರಸರ ಸದ್ದು.

"ತಪ್ಪು ನಂದು ಸಾಮಿ. ಉಡ್ಸಿದ್ದು ನಾನು. ಮಗೀಗೆ ಏನೂ ಗೊತ್ತಿಲ್ಲ. ಅವಳ ಕೈ ಒಂದ್ಸಲ ನೋಡಿ ಸಾಮಿ, ಎಂಗೆ ಮಡಚ್ತಾಳೆ ಅಂತ ಒಂದೇ ಒಂದ್ಸಲ ನೋಡ್ಬುಡಿ."

ಮುತ್ತುರತ್ನಂ ನೋಡಲಿಲ್ಲ. ನೆಲ ಒದ್ದೆಯಾಗುತ್ತಿದೆ ಅಂದ.

ಅಂಜುಗಂ ಅವ್ವನ ಮುಗಿದ ಕೈಗಳನ್ನು ಹಿಡಿದು ಕೆಳಗಿಳಿಸಿದಳು. ಆಮೇಲೆ ಭುಜದ ಪಿನ್ನು ತೆಗೆದು ಕೌಂಟರಿನ ಮೇಲಿಟ್ಟಳು. ಇನ್ನೊಂದು ತೆಗೆದಳು. ಏಳೂ ತೆಗೆದಳು. ಏನು ಮಾಡುತ್ತಿದ್ದಾಳೆ ಅಂತ ಯಾರಿಗಾದರೂ ಹೊಳೆಯುವ ಮುಂಚೆ ಸೀರೆ ಸೊಂಟದಿಂದ ಕಳಚಿ ಬಂದಿತ್ತು. ಲಂಗ ರವಿಕೆಯಲ್ಲಿ ನಿಂತ ಹುಡುಗಿ ಅದನ್ನು ಒಂದೇ ಬೀಸಿಗೆ ಕೌಂಟರಿನ ಉದ್ದಕ್ಕೂ ಹರಡಿದಳು. ಸೀರೆ ನೋಡುತ್ತಿದ್ದ ನಾಲ್ಕೈದು ಹೆಂಗಸರು ತಿರುಗಿದರು.

"ಬನ್ನಿ ಅಕ್ಕ, ಕೈಲಿ ಹಿಡಿದು ನೋಡಿ." ರಾಗ ಮನೆಯಲ್ಲಿ ಕಲಿತದ್ದೇ. "ಈ ಬಣ್ಣ ಬೇರೆ ಯಾರಿಗೂ ಕೊಡಲ್ಲ. ನಿಮ್ ಕಕ್ಕಸು ತೊಳೆಯೋರಿಗೆ ಅಂತಾನೇ ಬೇರೆ ಇಟ್ಟದ್ದು. ಆಸಿಡ್ ಹುಯ್ದು ಉಜ್ಜಿದ್ರೂ ಈ ಬಣ್ಣ ಹೋಗಲ್ಲ, ಅದಕ್ಕೆ ನಾನ್ ಗ್ಯಾರಂಟಿ."

ಅವಳು ಮಡಚತೊಡಗಿದಳು. ಅಂಚಿಗೆ ಅಂಚು, ಗೆರೆಗೆ ಗೆರೆ, ಅಂಗೈಯಿಂದ ಸವರಿ, ತಿರುಗಿಸಿ, ಮತ್ತೆ ಸವರಿ. ಅವಸರ ಮಾಡಲಿಲ್ಲ. ಕೌಂಟರಿನ ಹಿಂದೆ ನಿಂತಿದ್ದ ಮಾರಾಟದ ಹುಡುಗಿಯರು ತಮ್ಮ ಕೆಲಸ ಬಿಟ್ಟು ಅವಳ ಬೆರಳುಗಳನ್ನೇ ನೋಡಿದರು, ಅವರಿಗೆ ಮಾತ್ರ ಆ ಕೈಯ ಬೆಲೆ ಗೊತ್ತಿತ್ತು. ಮಡಿಕೆ ಮುಗಿದಾಗ ಸೀರೆ ಕವರಿನಿಂದ ಈಗ ತಾನೇ ತೆಗೆದಂತೆ ಇತ್ತು. ಅದನ್ನು ರೇಷ್ಮೆ ಸೀರೆಗಳ ಸಾಲಿನ ಮೇಲಿಟ್ಟಳು.

ಮಾರಾತ್ತಾ ಮೈಮೇಲಿನ ನೀಲಿ ಕೋಟು ಬಿಚ್ಚಿ ಮಗಳಿಗೆ ತೊಡಿಸಿದಳು. ಕೋಟು ಕಂಪನೀದು, ಬಿಚ್ಚಿಟ್ಟು ಹೋಗೇ ಬೇವರ್ಸಿ ಅಂತ ರಾಸಪ್ಪನ್ ಅರಚಿದ. ಮಾರಾತ್ತಾ ಕಿವಿಗೆ ಹಾಕಿಕೊಳ್ಳದೆ ಕೌಂಟರಿನ ಮೇಲಿನ ಪಿನ್ನುಗಳನ್ನು ಒಂದೊಂದಾಗಿ ಆರಿಸಿಕೊಂಡಳು, ಎರಡು ಪೊನ್ನಾತ್ತಾಳವು, ವಾಪಸ್ಸು ಕೊಡಬೇಕು. ಅಂಕಪಟ್ಟಿಯನ್ನು ತಾನೇ ಮೇಜಿನಿಂದ ಎತ್ತಿ ಸೆರಗಿನೊಳಗೆ ಇಟ್ಟುಕೊಂಡಳು. ಹಿಂದಿನ ಗೇಟಿನ ಕಡೆ ಅಭ್ಯಾಸಬಲದಿಂದ ತಿರುಗಿದ ಅವಳನ್ನು ಅಂಜುಗಂ ಭುಜ ಹಿಡಿದು ಮುಂದಿನ ಬಾಗಿಲಿಗೆ ತಿರುಗಿಸಿದಳು. ಹನ್ನೊಂದು ವರ್ಷದಲ್ಲಿ ಮಾರಾತ್ತಾ ಆ ಬಾಗಿಲಿಂದ ಹೊರಟದ್ದು ಅದೇ ಮೊದಲು.

ಪೇಟದ ಮುದುಕ ಬಾಗಿಲನ್ನು ಪೂರ್ತಿ ತೆರೆದು ಹಿಡಿದು, ತಲೆ ತಗ್ಗಿಸಿದ.

ಅಷ್ಟರಲ್ಲಿ ಲಿಫ್ಟಿನಿಂದ ಇಳಿದು ಬಂದ ಇನ್ನೊಬ್ಬ ಗಿರಾಕಿ, ಆಗಿದ್ದೇನೂ ತಿಳಿಯದವಳು, ಸಾಲಿನ ಮೇಲಿದ್ದ ಕನಕಾಂಬರ ಸೀರೆಯನ್ನು ಕೈಗೆತ್ತಿಕೊಂಡಳು. ಎಷ್ಟು ಚೆಂದ ಇದೆ, ಇನ್ನೂ ಬೆಚ್ಚಗಿದೆಯಲ್ಲ ಅಂದಳು.

"ಏನ್ ತಂಗಿ, ಇದೇ ಬಣ್ಣದಲ್ಲಿ ಇನ್ನೊಂದು ಇದ್ಯಾ? ನಮ್ಮತ್ತಿಗೆಗೂ ಬೇಕು."

ಮಾರಾಟದ ಹುಡುಗಿಯನ್ನು ಕೇಳಿದ ಮಾತದು. ಬಾಗಿಲು ದಾಟುತ್ತಿದ್ದ ಮಾರಾತ್ತಾ ನಿಂತು ಹಿಂದಕ್ಕೆ ತಿರುಗಿದಳು.

"ಅವೆ ತಾಯಿ," ಅಂದಳು ಬಲು ಮರ್ಯಾದೆಯಿಂದ. "ನಮ್ ಬೀದೀಲಿ ಮೂವತ್ತೊಂದವೆ."

ಹೊರಗೆ ಬಿಸಿಲಿತ್ತು. ತನ್ನ ಚಪ್ಪಲಿಗಳು ಹಿಂದಿನ ಗೇಟಿನಲ್ಲೇ ಉಳಿದವು ಅಂತ ಮಾರಾತ್ತಾಗೆ ರಸ್ತೆಗಿಳಿದು ಪಾದದ ಚೀಲಗಳನ್ನು ಬಿಚ್ಚಿದ ಮೇಲೆ ನೆನಪಾಯಿತು. ಅಂಜುಗಂ ತನ್ನವನ್ನು ಬಿಚ್ಚಿ ಅವ್ವನ ಮುಂದಿಟ್ಟಳು, ಊದಿದ ಪಾದ ಅದರೊಳಗೆ ಹೋಗಲಿಲ್ಲ. ಇಬ್ಬರೂ ಬರಿಗಾಲಲ್ಲಿ ನಡೆದರು. ಒಂದನೇ ತಾರೀಖಿಗೆ ಇನ್ನೂ ಆರು ದಿನವಿತ್ತು.