ಪಾಕ ಮತ್ತು ಪುಂಡಿಪಲ್ಯ

೧

ಈ ಕಥೆಯನ್ನು ಎಲ್ಲಿಂದ ಶುರು ಮಾಡಿದರೆ ಯಾರಿಗೂ ತೊಂದರೆಯಾಗುವುದಿಲ್ಲ ಎಂದು ಬಹಳ ದಿನಗಳಿಂದ ಯೋಚಿಸುತ್ತಿದ್ದೇನೆ. ರಸಾಯನಶಾಸ್ತ್ರದಿಂದ ಶುರು ಮಾಡಿದರೆ ನೀವು ಪುಟ ತಿರುಗಿಸುತ್ತೀರಿ. ಬಸುರಿ ಹುಡುಗಿಯಿಂದ ಶುರು ಮಾಡಿದರೆ ಮೊದಲ ಸಾಲಿಗೇ ಹೆದರುತ್ತೀರಿ, ಆಮೇಲೆ ನಾನು ಹೇಳಿದ್ದೊಂದೂ ನಿಮಗೆ ಕೇಳಿಸುವುದಿಲ್ಲ. ಪೀಣ್ಯದ ಗಾಳಿಯಿಂದ ಶುರು ಮಾಡೋಣವೆಂದರೆ ಹೊಗೆ, ಆಸಿಡ್ ವಾಸನೆ, ಕಪ್ಪು ಮೋರಿ ಎಂದು ಬರೆಯುವ ಕೈಗಳು ಈಗಾಗಲೇ ಬೇಕಾದಷ್ಟಿವೆ. ನನ್ನ ಕಥೆಯ ಶೆಡ್ಡಿನಲ್ಲಿ ಮೂಗು ಮುಚ್ಚಿಕೊಳ್ಳುವಂಥ ವಾಸನೆಯೇ ಇಲ್ಲ. ಇದ್ದಿದ್ದರೆ ಕಥೆಯೂ ಇರುತ್ತಿರಲಿಲ್ಲ.

ಎರಡು ಪುಡಿಗಳಿಂದ ಶುರು ಮಾಡುತ್ತೇನೆ. ಅವಕ್ಕೆ ನನ್ನ ಮೇಲೆ ಸಿಟ್ಟು ಬರುವುದಿಲ್ಲ.

೨

ಒಂದು, ಕೋಳಿ ಮೇವಿಗೆ ಬೆರೆಸುವ ಪುಡಿ. ಇನ್ನೊಂದು ಯೂರಿಯಾ. ಎರಡೂ ಬಿಳಿ, ಎರಡೂ ಒಣ. ಒಟ್ಟಿಗೆ ಹಾಕಿ ಮೆಲ್ಲಗೆ ಬಿಸಿ ಮಾಡುತ್ತ ಕಲಕಿದರೆ, ಹನಿ ನೀರು ಸೇರಿಸದೆಯೇ ಎರಡೂ ಕರಗಿ ಸಕ್ಕರೆ ಪಾಕದಂಥ ದ್ರವವಾಗುತ್ತವೆ. ಆರಿದ ಮೇಲೂ ಅದು ಗಟ್ಟಿಯಾಗುವುದಿಲ್ಲ. ಓದಿದವರು ಇದನ್ನು ಹಸಿರು ದ್ರಾವಕ, ಎಂದರೆ ಪರಿಸರಕ್ಕೆ ಕೆಡುಕು ಮಾಡದ್ದು, ಎನ್ನುತ್ತಾರೆ. ಶೆಡ್ಡಿನಲ್ಲಿ ಎಲ್ಲರೂ ಪಾಕ ಎನ್ನುತ್ತಾರೆ. (ನಾನು ಓದಿದವಳು. ಆದರೂ ಪಾಕವೆಂದೇ ಬರೆಯುತ್ತೇನೆ. ಹಸಿರು ಎಂದು ಬರೆದರೆ ನೀವು ಈಗಲೇ ನೆಮ್ಮದಿಪಡುತ್ತೀರಿ.)

ಹಳೆಯ ಲ್ಯಾಪ್‌ಟಾಪ್ ಬ್ಯಾಟರಿಗಳನ್ನು ಒಡೆದಾಗ ಸಿಗುವ ಕಪ್ಪು ಪುಡಿಯನ್ನು ಬಿಸಿ ಪಾಕಕ್ಕೆ ಹಾಕಿದರೆ, ಅದರೊಳಗಿನ ಕೋಬಾಲ್ಟ್ ಎಂಬ ಲೋಹ ಕರಗಿ ಪಾಕ ನೀಲಿಯಾಗುತ್ತದೆ. ಆ ಲೋಹವನ್ನು ಹೊರತೆಗೆದರೆ ಹೊಸ ಬ್ಯಾಟರಿಗೆ ಬಳಸಬಹುದು. ಕಸವೂ ಕಡಿಮೆ, ಕರೆಂಟು ಕೂಡಿಡಲು ಡಬ್ಬಿಯೂ ಸಿಕ್ಕಿತು. ನನಗೇ ಕಥೆ ಬಿಟ್ಟು ಇದನ್ನು ಮಾಡಬೇಕೆನಿಸಿತ್ತು.

ಮಾಡುತ್ತಿರುವವಳು ಶಶಿಕಲಾ. ಕೆಮಿಸ್ಟ್. ಮಾಡಿಸುತ್ತಿರುವವನು ಅಂಬರೀಶ್, ಕಂಪನಿಯ ಮಾಲೀಕ. ಅವನ ತಾತ ರಾಗಿ ಬೆಳೆಯುತ್ತಿದ್ದ ಜಾಗದಲ್ಲೇ ಈಗ ಶೆಡ್ಡು ನಿಂತಿದೆ. ವರ್ಷ ೨೦೧೯.

೩

(ಮೊದಲ ಕರಡಿನಲ್ಲಿ ಮರೆವ್ವ ಹಾಡುತ್ತ ಸೊಪ್ಪು ಕೊಯ್ಯುತ್ತಿದ್ದಳು. ಹರಿದು ಹಾಕಿದೆ. ಬೆಳಿಗ್ಗೆಯಿಂದ ಡ್ರಮ್ಮು ತೊಳೆದವಳು ಹಾಡಲಿ ಎಂದು ಬಯಸುವುದು ನನ್ನಂಥ ಕೂತು ಬರೆಯುವವರು ಮಾತ್ರ.)

ಶೆಡ್ಡಿನಲ್ಲಿ ಬಳಸಿದ ಪಾಕದ ಡ್ರಮ್ಮು ತೊಳೆಯುವ ಮರೆವ್ವ ಲಿಂಗಸುಗೂರು ಕಡೆಯವಳು. ಟಿ. ದಾಸರಹಳ್ಳಿಯ ವಠಾರವೊಂದರಲ್ಲಿ ಮಗಳು ಭಾಗ್ಯಶ್ರೀ ಜೊತೆ ಬಾಡಿಗೆಗಿದ್ದಾಳೆ. ಅಳಿಯ ಮಾರತ್ತಹಳ್ಳಿಯ ಕಟ್ಟಡವೊಂದರ ಕೆಲಸದಲ್ಲಿ ಅಲ್ಲೇ ಉಳಿದುಕೊಂಡಿದ್ದಾನೆ. ಮರೆವ್ವ ಶೆಡ್ಡಿನ ಹಿಂದೆ ಕಾಂಪೌಂಡಿನ ಪಕ್ಕ ಪುಂಡಿ ಬಿತ್ತಿದ್ದಾಳೆ. ಇಲ್ಲಿಯವರು ಗೋಂಗುರ ಎನ್ನುವ ಹುಳಿ ಸೊಪ್ಪು. ಬಸುರಿ ಭಾಗ್ಯಶ್ರೀಗೆ ರೊಟ್ಟಿಯ ಜೊತೆ ಅದೊಂದಿದ್ದರೆ ಸಾಕು. ಬೇರೇನೂ ಸೇರುವುದಿಲ್ಲ.

ಕೆಲಸ ಶುರುವಾದ ದಿನ ಶಶಿಕಲಾ ಎಲ್ಲರನ್ನೂ ಕರೆದು ತಿಳಿ ಪಾಕವನ್ನು ತೋರಿಸಿದ್ದಳು.

"ಇದು ಆಸಿಡ್ ತರ ಅಲ್ಲ, ಹೆದರ್ಬೇಡಿ. ಒಂದು ಕೋಳಿ ಮೇವಿಗೆ ಹಾಕೋದು, ಇನ್ನೊಂದು ಯೂರಿಯಾ."

"ಯೂರಿಯಾನ? ಹೊಲಕ್ಕ ಹಾಕ್ತೀವಲ್ರಿ, ಅದಾ?" ಎಂದಳು ಮರೆವ್ವ.

"ಅದೇ."

"ಹಂಗಾರ ಇದು ನಮ್ಮ ಪೈಕಿನ ಬಿಡ್ರಿ ಅಕ್ಕಾರ!"

ಎಲ್ಲರೂ ನಕ್ಕರು. ಶಶಿಕಲಾ ಕೂಡ. ಅಲ್ಲಿ ಯಾರೂ ಸುಳ್ಳು ಹೇಳಲಿಲ್ಲ, ದಯವಿಟ್ಟು ಗಮನಿಸಿ. ಅವಳು ಹೇಳಿದ್ದು ಬಳಸುವ ಮೊದಲಿನ ಪಾಕದ ಮಾತು. ಬಳಸಿದ ಮೇಲೆ ಅದರಲ್ಲಿ ಏನೇನು ಸೇರಿರುತ್ತದೆ ಎನ್ನುವುದು ಎರಡನೆಯ ಮಾತು, ಅದನ್ನು ಹೇಳುವಷ್ಟರಲ್ಲಿ ಟೀ ಬಂದಿತ್ತು.

ಮರೆವ್ವನ ಊರಿನಲ್ಲಿ ಪಾತ್ರೆ ತೊಳೆದ ಮುಸುರೆ ನೀರನ್ನು ಯಾರೂ ಮೋರಿಗೆ ಚೆಲ್ಲುವುದಿಲ್ಲ. ದನಕ್ಕೆ ಇಡುತ್ತಾರೆ, ಇಲ್ಲ ಗಿಡಕ್ಕೆ ಹಾಕುತ್ತಾರೆ. ಅವಳು ಡ್ರಮ್ಮು ತೊಳೆದ ನೀರನ್ನು ಪುಂಡಿಗೆ ಹಾಕತೊಡಗಿದಳು. ಯೂರಿಯಾ ತಾನೇ.

ಪುಂಡಿ ಸೊಂಟದೆತ್ತರ ಬಂತು.

೪

ಶಶಿಕಲಾ ಒಂದು ಮಧ್ಯಾಹ್ನ ಊಟದ ಡಬ್ಬಿ ತೊಳೆಯಲು ಹಿಂದಕ್ಕೆ ಹೋದಾಗ, ಗಿಡದ ಬುಡದಲ್ಲಿ ತೆಳು ಗುಲಾಬಿ ಬಣ್ಣದ ನೀರು ನಿಂತಿದ್ದನ್ನು ಕಂಡಳು. ನೀಲಿ ಪಾಕಕ್ಕೆ ನೀರು ಬೆರೆತರೆ ಬರುವ ಬಣ್ಣ ಅದು. ಏನನ್ನೂ ಕೇಳದೆ ನಾಲ್ಕೆಲೆ ಕಿತ್ತು ಗೆಳತಿಯ ಲ್ಯಾಬಿಗೆ ಕಳಿಸಿದಳು. ಗೆಳತಿ ಫೋನ್ ಮಾಡಿದಳು.

"ಶಶಿ, ಇದು ಸೊಪ್ಪಾ, ಬ್ಯಾಟರಿನಾ?"

೫

ಇಲ್ಲಿ ಅಂಬರೀಶ್ ನನ್ನೊಡನೆ ಜಗಳಕ್ಕೆ ಬಂದ. ತನ್ನನ್ನು ವಿಲನ್ ಮಾಡಬಾರದಂತೆ.

"ಮೇಡಂ, ನೀವು ಬರೆಯೋರು ಆರಾಮಾಗಿ ಬರೀತೀರ. ನಾನು ಆಸಿಡ್ ಬಿಟ್ಟು ಇದಕ್ಕೆ ಬಂದಿದ್ದೀನಿ. ಪಕ್ಕದ ಶೆಡ್ಡಲ್ಲಿ ಏನೇನ್ ಮೋರಿಗೆ ಬಿಡ್ತಾರೆ ಗೊತ್ತಾ? ಅವನ ಬಗ್ಗೆ ಒಂದ್ ಕಥೆ ಬರೀರಿ ನೋಡೋಣ."

ಅವನ ಮಾತು ನ್ಯಾಯವಾಗಿಯೇ ಇದೆ. ಆದರೆ ಪಕ್ಕದ ಶೆಡ್ಡಿನ ಹಿಂದೆ ಏನೂ ಬೆಳೆಯುವುದಿಲ್ಲ. ಅಲ್ಲಿಂದ ಯಾರೂ ಏನನ್ನೂ ತಂದು ರೊಟ್ಟಿ ಜೊತೆ ತಿನ್ನುವುದಿಲ್ಲ. ಮೇಲಾಗಿ ಆ ಬುಧವಾರ ದುಡ್ಡು ಹಾಕುವವರು ನೋಡಲು ಬರುವವರಿದ್ದರು, ಮತ್ತು ಅವನು ಪುಂಡಿಯ ಫೋಟೋ ತೆಗೆದು ಸ್ಲೈಡಿಗೆ ಹಾಕಿಬಿಟ್ಟಿದ್ದ.

"ಸಕ್ಕತ್ತಾಗಿದೆ ಅಲ್ವಾ ಶಶಿ? ನಮ್ಮ ವೇಸ್ಟಲ್ಲಿ ಬೆಳೆದ ಸೊಪ್ಪು!"

"ಅದರಲ್ಲಿ ಕೋಬಾಲ್ಟ್ ಇದೆ ಅಂಬರೀಶ್."

ಅವನು ಲ್ಯಾಪ್‌ಟಾಪ್ ಮುಚ್ಚಲಿಲ್ಲ. 

"ಎಷ್ಟು?"

"ಇರಬಾರದಷ್ಟು."

"ಬುಧವಾರ ಕಳೀಲಿ. ಆಮೇಲೆ ನಾನೇ ನಿಂತು ಕೀಳಿಸ್ತೀನಿ. ಪ್ರಾಮಿಸ್."

"ಬುಧವಾರದವರೆಗೂ ಮರೆವ್ವನ ಮನೇಲಿ ತಿಂತಾರೆ."

"ಈಗಾಗ್ಲೆ ತಿಂದಿದಾರಲ್ಲ ಶಶಿ."

(ಈ ಸಾಲನ್ನು ಅವನ ಬಾಯಿಗೆ ಹಾಕಿದ್ದಕ್ಕೆ ಅವನು ಇನ್ನೂ ನನ್ನೊಡನೆ ಮಾತಾಡುತ್ತಿಲ್ಲ.)

೭

ತೆಗೆದುಹಾಕಿದ ಆರನೆಯ ಭಾಗದಲ್ಲಿ ಒಂದು ಮುಕ್ತಾಯವಿತ್ತು. ಅದರಲ್ಲಿ ಶಶಿಕಲಾ ತಾನೇ ಹೋಗಿ ಎಲ್ಲ ಗಿಡ ಕಿತ್ತು, ಹುಳ ಬಿದ್ದಿತ್ತು ಎಂದು ಮರೆವ್ವನಿಗೆ ಹೇಳುತ್ತಿದ್ದಳು. ಯಾರಿಗೂ ನೋವಿಲ್ಲ, ಕಂಪನಿಯೂ ಉಳಿಯಿತು. ಎರಡು ದಿನ ಆ ಮುಕ್ತಾಯವನ್ನು ಪ್ರೀತಿಸಿದೆ. ಒಪ್ಪದವಳು ಶಶಿಕಲಾ.

"ಹುಳ ಅಂದ್ರೆ ಅವರು ಮತ್ತೆ ಬಿತ್ತುತ್ತಾರೆ. ಅದೇ ಮಣ್ಣಲ್ಲಿ."

ಸರಿ, ನಿನ್ನನ್ನು ಧೀರೆಯನ್ನಾಗಿ ಮಾಡುತ್ತೇನೆ ಎಂದೆ. ಎಲ್ಲರೆದುರು ನಿಂತು ಹೇಳು, ಕೆಲಸ ಹೋಗಲಿ, ಓದುಗರು ಮೆಚ್ಚುತ್ತಾರೆ.

"ನನಗೆ ಮೆಚ್ಚುಗೆ ಬೇಡ, ಈ ಕೆಲಸ ಬೇಕು. ಪಾಕ ಸರಿಯಾಗೇ ಇದೆ. ಅದನ್ನ ತೊಳೆದ ನೀರು ಎಲ್ಲಿಗೆ ಹೋಗುತ್ತೆ ಅಂತ ನಾನು ನೋಡಲಿಲ್ಲ. ಅಷ್ಟೇ ಬರೀರಿ."

ಅಷ್ಟೇ ಬರೆದಿದ್ದೇನೆ.

೮

ಶಶಿಕಲಾ ಮರೆವ್ವನ ವಠಾರಕ್ಕೆ ಹೋದಾಗ ಭಾಗ್ಯಶ್ರೀ ಊಟ ಮಾಡುತ್ತಿದ್ದಳು. ತಟ್ಟೆಯಲ್ಲಿ ಏನಿತ್ತೆಂದು ಬರೆಯುವುದಿಲ್ಲ.

"ಬರ್ರಿ ಅಕ್ಕಾರ, ನೀವೂ ಒಂದ್ ರೊಟ್ಟಿ ತಿನ್ನ್ರಿ," ಎಂದಳು ಮರೆವ್ವ.

ಶಶಿಕಲಾ ಬಾಗಿಲಲ್ಲೇ ನಿಂತು ಹೇಳಿದಳು. ಪಾಕ, ಕಪ್ಪು ಪುಡಿ, ಲೋಹ, ತೊಳೆದ ನೀರು. ಮರೆವ್ವ ಮಗಳ ಮುಂದಿನ ತಟ್ಟೆಯನ್ನು ಎತ್ತಿ ತನ್ನ ಹಿಂದೆ ಇಟ್ಟುಕೊಂಡಳು.

"ನೀವ ಯೂರಿಯಾ ಅಂದ್ರಿ."

"ಅಂದೆ."

"ನಾನ ಹಾಕೀನಿ. ನನ್ನ ಕೈಯಾರ ಹಾಕೀನಿ."

"ನಾನು ಪೂರ್ತಿ ಹೇಳಿದ್ರೆ ನೀವು ಹಾಕ್ತಿರಲಿಲ್ಲ ಮರೆವ್ವ."

"ಯವ್ವಾ, ಇಬ್ರೂ ತಪ್ಪು ಪಾಲು ಮಾಡ್ಕೊಳ್ಳೂದು ಆಮ್ಯಾಲೆ," ಎಂದಳು ಭಾಗ್ಯಶ್ರೀ. "ಕೂಸಿಗೆ ಏನಾಕ್ಕೈತಿ, ಅದನ್ನ ಕೇಳು."

ಶಶಿಕಲಾ ಗೊತ್ತಿಲ್ಲ ಎಂದಳು. ಏನೂ ಆಗದಿರಬಹುದು, ನೋಡಿಸಲೇಬೇಕು. ವಠಾರದಲ್ಲಿ ಇನ್ನಾರಿಗೆ ಸೊಪ್ಪು ಹೋಗಿದೆ ಎಂದೂ ಕೇಳಿದಳು. ಮರೆವ್ವ ಬಾಗಿಲಿನಿಂದ ಬಾಗಿಲಿಗೆ ಹೋಗಿ ತಾನೇ ಹೇಳಿ ಬಂದಳು. ಒಂದು ಮನೆಯವರು ಬೈದರು. ಒಂದು ಮನೆಯವರು, ರುಚಿ ಅಂತೂ ಭಾಳ ಚಲೋ ಇತ್ತು ಬಿಡು ಎಂದರು.

೯

ಮರುದಿನ ಸರ್ಕಾರಿ ಆಸ್ಪತ್ರೆ. ಸಾಲು ಉದ್ದವಿತ್ತು. ಅಂಬರೀಶ್ ಶಶಿಕಲಾಗೆ ಎರಡು ಸಲ ಫೋನ್ ಮಾಡಿದ. ಮೊದಲ ಸಲ ರಜೆ ಯಾಕೆ ಎಂದು ಕೇಳಿದ. ಎರಡನೆಯ ಸಲ, "ಗಿಡ ಕೀಳಿಸಿದೆ. ಸ್ಲೈಡೂ ತೆಗೆದೆ. ಡಾಕ್ಟ್ರು ಏನಂದ್ರು?" ಎಂದ. (ಇದನ್ನು ಸೇರಿಸಿದ್ದು ಅವನನ್ನು ಒಲಿಸಿಕೊಳ್ಳಲಿಕ್ಕೆಂದು ನೀವು ಅಂದುಕೊಳ್ಳಬಹುದು. ಇರಲಿ.)

ಭಾಗ್ಯಶ್ರೀಯ ಹೆಸರು ಕೂಗಿದರು. ಬಾಗಿಲಲ್ಲಿದ್ದ ಆಯಾ ಕೈ ಅಡ್ಡ ಹಿಡಿದಳು.

"ಪೇಷೆಂಟ್ ಜೊತೆ ಒಬ್ರೇ. ಯಾರಮ್ಮ ಬರೋದು?"

ಭಾಗ್ಯಶ್ರೀ ತಾಯಿಯ ಸೆರಗು ಹಿಡಿದಳು. ಮರೆವ್ವ ಅದನ್ನು ಬಿಡಿಸಿಕೊಂಡು ಶಶಿಕಲಾಳನ್ನು ಮುಂದಕ್ಕೆ ತಳ್ಳಿದಳು.

"ನೀವ ಹೋಗ್ರಿ. ನಾ ಹೋದ್ರ ಪುಂಡಿಪಲ್ಯ ತಿಂದಾಳ ಅಂತೀನಿ. ಭಾಳ ಒಳ್ಳೇದು, ರಕ್ತ ಆಕ್ಕೈತಿ, ಇನ್ನಷ್ಟು ತಿನ್ಸು ಅಂತ ಕಳಿಸ್ತಾರ."

ಬಾಗಿಲು ಮುಚ್ಚಿತು. ಹೊರಗಿನ ಬೆಂಚಿನಲ್ಲಿ ಮರೆವ್ವ ಕೂತಳು. ಪಕ್ಕದಲ್ಲಿ ಜಾಗವಿತ್ತು, ನಾನು ಕೂತೆ.

ನನ್ನ ಬಳಿ ಮೂರು ಮುಕ್ತಾಯಗಳಿದ್ದವು. ಒಂದರಲ್ಲಿ ಡಾಕ್ಟರು ನಗುತ್ತಾರೆ. ಒಂದರಲ್ಲಿ ನಗುವುದಿಲ್ಲ. ಇನ್ನೊಂದರಲ್ಲಿ ವರ್ಷಗಳು ಕಳೆದು ಒಂದು ಮಗು ಶಾಲೆಗೆ ಹೋಗುತ್ತದೆ. ಯಾವುದನ್ನು ಬರೆದರೂ ನನಗೆ ಗೊತ್ತಿಲ್ಲದ್ದನ್ನು ಗೊತ್ತಿರುವ ದನಿಯಲ್ಲಿ ಹೇಳಿದಂತಾಗುತ್ತದೆ. ಆ ದನಿಯನ್ನು ಮರೆವ್ವ ಒಮ್ಮೆ ನಂಬಿ ಆಗಿದೆ.

ಅವಳು ನನ್ನ ಕಡೆ ತಿರುಗಿದಳು.

"ಬರಿಯೋ ಅಕ್ಕಾರ, ಒಳಗ ಏನಂತಾರ? ನಿಮಗ ಗೊತ್ತಿರತೈತಲ್ಲ?"

"ಇಲ್ಲ ಮರೆವ್ವ."

"ಖರೇನ?"

"ಖರೇನೇ."



"ಹಂಗಾರ ಸುಮ್ಮನ ಕುಂದರ್ರಿ," ಎಂದಳು.

ಕೂತಿದ್ದೇನೆ.