ಕೊಂಕೋರ್ದಿಯಾಕ್ಕೆ ಹೋದ ಸೆಲಿಖೋತ್ ಪುಸ್ತಕಗಳು

ಬ್ಯೂನಸ್ ಐರಿಸ್‌ನ ಓನ್ಸೆ ಬಡಾವಣೆಯ ಯಹೂದಿ ಗ್ರಂಥಾಲಯದಲ್ಲಿ ಪ್ರಾರ್ಥನಾ ಪುಸ್ತಕಗಳ ಕೋಣೆ, ಎಲ್ಲರೂ ಗೌರವದಿಂದ 'ದೋನ್ಯಾ' ಎಂದು ಕರೆಯುವ ಬ್ರಾನಾ ಗೆಲ್ಮನ್ ಅವರ ಸಾಮ್ರಾಜ್ಯ. ಎಲ್ಲ ಪ್ರಾರ್ಥನೆಗಳಿಗೂ ಒಂದೇ ವಿಭಾಗದ ಸಂಖ್ಯೆ ಕೊಟ್ಟು ಸಾಲಾಗಿ ಇಟ್ಟರೆ ಸಾಕೆಂದು ಸಮಿತಿಯವರು ಹೇಳುತ್ತಲೇ ಇದ್ದರು. ಬ್ರಾನಾ ಕೇಳುವವರಲ್ಲ. ದಿನನಿತ್ಯದ್ದು ಬೇರೆ, ಹಬ್ಬದ್ದು ಬೇರೆ; ಅದರೊಳಗೆ ಅಲೆಪ್ಪೊದವರ ಪದ್ಧತಿ, ಪೋಲೆಂಡಿನವರದು, ಲಿಥುವೇನಿಯಾದವರದು ಎಂದು ಬೇರೆ ಬೇರೆ ಕಪಾಟು. ಮೊದಲ ಹಾಳೆ ಕಿತ್ತುಹೋದ ಪುಸ್ತಕ ಬಂದರೆ, ಯಾವ ಊರಿನವರು ಹೀಗೆ ಪ್ರಾರ್ಥಿಸುತ್ತಿದ್ದರೆಂದು ತಿಳಿಯುವವರೆಗೆ ಓದಿಯೇ ಕೆಳಗಿಡುತ್ತಿದ್ದರು. ಅದನ್ನೆಲ್ಲ ಕಂಪ್ಯೂಟರಿಗೆ ಏರಿಸುವ ಕೆಲಸ ಅವರ ಸಹಾಯಕಿ ಮಿರ್ತಾಳದು. ಅವಳಿಗೆ ಬೆರಗೂ ಆಗುತ್ತಿತ್ತು, ಬೇಸರವೂ.

ಯಹೂದಿಗಳ ಹೊಸ ವರ್ಷ ಹತ್ತಿರವಾದಾಗ ಕೊಂಕೋರ್ದಿಯಾದಿಂದ ಗ್ರೆಗೋರಿಯೊ ಕ್ಲಾಯ್ನ್ ಎಂಬ ಹೈನುಗಾರ ಬಂದ. ನದಿ ಉಕ್ಕಿ ಅವರ ಪ್ರಾರ್ಥನಾ ಮಂದಿರಕ್ಕೆ, ಸಿನಗಾಗಿಗೆ, ನುಗ್ಗಿತ್ತು. ನೆನೆದ ಪುಸ್ತಕಗಳನ್ನು ಸಂಪ್ರದಾಯದಂತೆ ಸ್ಮಶಾನದಲ್ಲಿ ಮಣ್ಣು ಮಾಡಿ ಬಸ್ಸು ಹತ್ತಿದ್ದ. ಹೊಸ ವರ್ಷಕ್ಕೆ ಮುಂಚೆ ನಸುಕಿನಲ್ಲಿ ಹೇಳುವ ಕ್ಷಮಾಪಣೆಯ ಹಾಡುಗಳು, ಸೆಲಿಖೋತ್, ಅವನಿಗೆ ಬೇಕಿತ್ತು.

"ಯಾವುದಾದ್ರೂ ನಡಿಯುತ್ತೆ, ದೋನ್ಯಾ ಬ್ರಾನಾ."

"ಯಾವುದಾದ್ರೂ ಅಂದ್ರೆ? ಒಬ್ಬ ಒಂದು ಹಾಡ್ತಿದ್ರೆ ಇನ್ನೊಬ್ಬ ಪುಟ ಹುಡುಕ್ತಾ ಕೂರ್ತಾನೆ. ಸಂತೆ ಮಾಡ್ತೀಯೇನಪ್ಪ? ನಿಮ್ಮ ಪದ್ಧತಿ ಯಾವುದು?"

"ಯಾರಿಗ್ಗೊತ್ತು! ಅಪ್ಪ ಹೇಳ್ತಿದ್ದದ್ದೇ ನಮ್ಮದು."

"ಹಾಗಾದ್ರೆ ಅಪ್ಪ ಮೊದಲ ದಿನ ಹೇಳ್ತಿದ್ದದ್ದನ್ನ ಹಾಡು."

"ಇಲ್ಲೇ? ನನ್ನ ದನಿ ಕೇಳಿದ್ರೆ ಹಸುಗಳೇ ಹಾಲು ಕೊಡಲ್ಲ."

"ನಾನೇನು ಹಸುವಾ? ಹಾಡಯ್ಯ!"

ಅವನು ಕಣ್ಣು ಮುಚ್ಚಿ ಹಾಡಿದ. ಒಂದು ಹಾಡು ಮುಗಿದು ಮುಂದಿನದು ಶುರುವಾಗುತ್ತಲೇ ಬ್ರಾನಾ ಬೆರಳೆತ್ತಿದರು. "ಲಿಥುವೇನಿಯಾ. ಪೋಲೆಂಡಿನವರಾಗಿದ್ರೆ ಇಲ್ಲಿ ಬೇರೆ ಹಾಡು ಬರ್ತಿತ್ತು. ಮಿರ್ತಾ, ತೆಗಿ."

ಮಿರ್ತಾ ಕಂಪ್ಯೂಟರಿನಲ್ಲಿ ಹುಡುಕಿದಳು. ಪರದೆ ತುಂಬಿತು. ಒಂದೇ ಮುದ್ರಣದ ಪ್ರತಿಗಳು ಯಾರ್ಯಾರದೋ ಮನೆಗಳಿಂದ ಬಂದಿದ್ದವು. ಕೆಲವಕ್ಕೆ ಹೆಸರೇ ಇಲ್ಲ, ಕೆಲವು ಬೇರೆ ಪುಸ್ತಕದೊಳಗೆ ಸೇರಿಸಿ ಹೊಲಿದಂಥವು. ಸಮಿತಿಯವರ ಸಾಲಿನಲ್ಲಿದ್ದಿದ್ದರೆ ಇವು ಒಂದಕ್ಕೊಂದು ಯಾವತ್ತೂ ಸಿಗುತ್ತಿರಲಿಲ್ಲ.

ಪೆಟ್ಟಿಗೆ ಕಟ್ಟಿದ ಮೇಲೆ ಬ್ರಾನಾ ಮಿರ್ತಾಳಿಗೆ ಹೇಳಿದರು: "ಪುಸ್ತಕ ಒಂಟಿಯಾಗಿ ಹೋಗಬಾರ್ದು. ನೀನೂ ಹೊರಡು."

ಕೊಂಕೋರ್ದಿಯಾದ ಸಿನಗಾಗಿನ ಗೋಡೆಗಳು ಇನ್ನೂ ಕೆಸರು ನಾರುತ್ತಿದ್ದವು. ನಸುಕಿನಲ್ಲಿ ಜನ 'ಮಾತೆ' ಎಂಬ ಎಲೆಯ ಬಿಸಿ ಕಷಾಯ ಕುಡಿದು ಮೈ ಬೆಚ್ಚಗಾಗಿಸಿಕೊಂಡು ಒಳಗೆ ಬಂದರು. ಗ್ರೆಗೋರಿಯೊ ಹಾಡು ಎತ್ತಿಕೊಂಡ. ಪುಟ ಮುಗಿದಾಗ ಅಷ್ಟೂ ಹಾಳೆಗಳು ಒಟ್ಟಿಗೆ ಮಗುಚಿದವು. ಮಿರ್ತಾ ಕೂತಲ್ಲೇ ಕತ್ತೆತ್ತಿ ಸುತ್ತ ನೋಡಿದಳು. ಪಕ್ಕದ ಮುದುಕಿ ಮೊಣಕೈಯಿಂದ ತಿವಿದಳು: "ಏಳೇ ತಾಯಿ, ಇಲ್ಲಿ ನಿಂತ್ಕೋಬೇಕು."

ಬೆಳಕು ಹರಿದ ಮೇಲೆ ಅವಳು ಫೋನ್ ಮಾಡಿದಳು. "ಎಲ್ರೂ ಒಂದೇ ಸಲ ಪುಟ ತಿರುಗಿಸಿದ್ರು, ದೋನ್ಯಾ ಬ್ರಾನಾ."

ಆ ಕಡೆಯಿಂದ ಮೂಗು ಎಳೆದುಕೊಂಡ ಸದ್ದು. ಆಮೇಲೆ: "ಅಲ್ಲಿ ಮನೆಗಳಲ್ಲಿ ಇನ್ನೂ ಎಂಥ ಪುಸ್ತಕ ಉಳಿದಿದೆಯಂತೆ, ಕೇಳಿದ್ಯಾ?"

"ಇಲ್ಲ."

"ಮತ್ತೆ ಹೋಗಿದ್ದು ಯಾಕೆ?"

ಮಿರ್ತಾ ನಕ್ಕಳು. ಅವತ್ತಿನ ಬಸ್ಸು ಬಿಟ್ಟು, ಮೊದಲು ಆ ಮುದುಕಿಯ ಮನೆಗೇ ಹೊರಟಳು.