ಒಳಗೆ ಬಿಟ್ಟ ಬಟ್ಟೆ

ಪಕ್ಕೆಯಲ್ಲಿ ಹೊಲಿಗೆ ಕಚ್ಚುತ್ತಿದೆ, ಎಡಗಡೆ, ಉಸಿರು ಎಳೆದಾಗಲೆಲ್ಲ — ಇಲ್ಲಿಗೆ ಸೇರಿದಾಗ ಇದೇ ಅಂಗಿ ಗೂಟಕ್ಕೆ ನೇತುಹಾಕಿದ ಹಾಗೆ ಜೋಲುತ್ತಿತ್ತು, ಆಗ ಎಂಥಾ ಖುಷಿ ಅವಳಿಗೆ, ಈಗ ಆಸ್ಪತ್ರೆಯ ಊಟದ ಮೇಜಿನ ಮುಂದೆ ಅದೇ ಅಂಗಿ ಬಿಗಿ, ತಟ್ಟೆಯಲ್ಲಿ ಅರ್ಧ ಆಲೂಗಡ್ಡೆ, ಇವತ್ತೂ ಬಿಟ್ಟರೆ ಮತ್ತೆ ಮೂಗಿಗೆ ನಳಿಕೆ ಎಂದಿದ್ದಾರೆ, ಎದುರಿಗೆ ನರ್ಸಮ್ಮ, ನಿಧಾನಕ್ಕೆ ತಿನ್ನಿ, ಬಸ್ಸೇನೂ ಹೊರಟುಹೋಗಲ್ಲ — ಬೆಳಿಗ್ಗೆ ಡಾಕ್ಟರು ಬೇರೆ, ಬದುಕು ನಿಮಗೆ ಎಷ್ಟು ಸಮಾಧಾನ ಕೊಟ್ಟಿದೆ, ಹತ್ತಕ್ಕೆ ಎಷ್ಟು ಅಂತೀರಿ, ಊರವರ ಎದೆ ಸೊಂಟ ತೋಳೆಲ್ಲ ಅಳೆದ ದರ್ಜಿ ಅವಳು, ಇದೊಂದಕ್ಕೆ ಟೇಪು ಸಿಗಲಿಲ್ಲ, ಮೂರು ಅಂದಳು, ಬಾಯಿಗೆ ಬಂದದ್ದು, ಆಮೇಲೆ ಯಾಕೋ ಚಿಕ್ಕಂದಿನ ಆ ನೀಲಿ ಫ್ರಾಕು ನೆನಪಾಯಿತು, ಅಪ್ಪ ಹೊಲಿದದ್ದು, ಅಂಗಡಿ ತುಂಬ ಇಸ್ತ್ರಿಯ ಬಿಸಿ ವಾಸನೆ, ಯಂತ್ರದ ಪಕ್ಕ ನೆಲದ ಮೇಲೆ ಕೂತು ಅವಳು ಬನ್ನು ತಿನ್ನುತ್ತಿದ್ದಳು, ತಿನ್ನುತ್ತಿದ್ದೇನೆಂದು ಗೊತ್ತೇ ಆಗದ ಹಾಗೆ ತಿನ್ನುತ್ತಿದ್ದಳಲ್ಲ, ಎಷ್ಟು ಚೆನ್ನಾಗಿತ್ತು, ಅಮ್ಮನ ಗೊಣಗಾಟ, ಪಕ್ಕೆಗೆ ಇಷ್ಟೊಂದು ಬಟ್ಟೆ ಯಾಕ್ರೀ ಒಳಗೆ ಬಿಡ್ತೀರಿ, ದಂಡ, ಅಪ್ಪ ಹಲ್ಲಲ್ಲಿ ದಾರ ಕಚ್ಚಿಕೊಂಡೇ, ಇರ್ಲಿ ಬಿಡೇ, ಬೆಳೆಯೋ ಹುಡುಗಿ — ಫ್ರಾಕು ಬಿಗಿಯಾದಾಗ ಹೊಲಿಗೆ ಬಿಚ್ಚಿದರೆ ಒಳಗಿನಿಂದ ಹೊರಬಂದ ಪಟ್ಟಿ, ಬಿಸಿಲು ಕಾಣದ ನೀಲಿ, ಮಾಸಿದ ಬಟ್ಟೆಯ ನಡುವೆ ಅದೊಂದೇ ಹೊಚ್ಚ ಹೊಸದು, ಶಾಲೆಯಲ್ಲಿ ತೋಳು ಎತ್ತಿ ಎತ್ತಿ ಎಲ್ಲರಿಗೂ ತೋರಿಸಿದ್ದಳು, ನೋಡ್ರೇ, ನಾನು ಇಷ್ಟು ಬೆಳೆದೆ.

ಗುಂಡಮ್ಮನಿಗೆ ಇನ್ಮೇಲೆ ಇಡೀ ಬಟ್ಟೆ ಥಾನೇ ಬೇಕಲ್ಲ — ಆ ಪಟ್ಟಿ ನೋಡಿ ಸೋದರತ್ತೆಯ ತಮಾಷೆ, ಎಲ್ಲರೂ ನಕ್ಕರು, ಅವಳೂ ನಕ್ಕಳು, ಎಷ್ಟು ವರ್ಷ ಅದನ್ನೇ ಮೆಲುಕು ಹಾಕಿದಳೋ, ಅಪ್ಪ ಹೋಗಿ ಕತ್ತರಿ ತನ್ನ ಕೈಗೆ ಬಂದ ಮೇಲೆ ಸಣ್ಣಗಾದಷ್ಟೂ ತನ್ನವೇ ಒಂದೊಂದು ಅಂಗಿಯ ಪಕ್ಕೆ ಹಿಡಿದು ಚಿಕ್ಕದು ಮಾಡಿ ಹೊಲಿಯುತ್ತ ಹೋದಳು, ಹಿಡಿದದ್ದಷ್ಟೇ ಅಲ್ಲ, ಒಳಗಿನ ಬಟ್ಟೆಯನ್ನು ಬುಡಕ್ಕೇ ಕತ್ತರಿಸಿ ಎಸೆದಳು, ಮತ್ತೆ ಅಗಲ ಮಾಡುವ ದಾರಿಯೇ ಇರಬಾರದೆಂದು, ಗಿರಾಕಿಯ ಬಟ್ಟೆಗೆ ಹಾಗೆ ಮಾಡಿದ್ದರೆ ಅಪ್ಪ ಸುಮ್ಮನೆ ಬಿಡುತ್ತಿದ್ದನೇ, ಈಗ ಬೆರಳು ಅಂಗಿಯೊಳಗೆ ತಡಕುತ್ತದೆ, ಬಿಡಿಸಲು ಏನೂ ಇಲ್ಲ, ಬರೀ ದಾರದ ತುದಿ — ಹೊಸದೇ ಹೊಲಿಯಬೇಕು, ಮನೆಗೆ ಹೋಗಿ, ಒಳಗೆ ಎಷ್ಟು ಬಿಡಲಿ, ಎರಡು ಬೆರಳು, ಇರ್ಲಿ ಬಿಡೇ, ಮೂರು — ತಣ್ಣಗಾಯ್ತು, ಬಿಸಿ ಮಾಡಿ ತರ್ಲಾ, ನರ್ಸಮ್ಮ ಏಳುತ್ತಾಳೆ, ಬೇಡ, ಕೂತ್ಕೊಳ್ಳಿ, ಚಮಚ ಬಾಯಿಗೆ ಬಂತು, ಉಪ್ಪು ಕಮ್ಮಿ, ಅಯ್ಯೋ, ಉಪ್ಪು ಕಮ್ಮಿ ಅಂತ ನಾಲಿಗೆಗೆ ತಿಳಿಯಿತಲ್ಲ, ಎಷ್ಟು ಕಾಲವಾಯಿತು, ನುಂಗಿದಳು, ಹೊಲಿಗೆ ಕಚ್ಚಿತು, ಕಚ್ಚಲಿ, ಎತ್ತಿದ ತೋಳಿನ ಕೆಳಗೆ ಆ ಪಟ್ಟಿ, ಬಿಸಿಲು ಕಾಣದ ನೀಲಿ, ಆ ನೀಲಿ